ಸಿಂಗಪುರಕ್ಕೆ ಒಗ್ಗಿದ ಒಗ್ಗರಣೆ

ಸಿಂಗಪುರದಲ್ಲಿ ಕೆಲಸಕ್ಕೆ ಸೇರಿದ ಕನ್ನಡಿಗರು ಮೊದಲ ತಿಂಗಳ ಸಂಬಳದ ಚೀಟಿ ಕೈಗೆ ಬಂದಾಗ ಎಚ್‌ಆರ್‌ನವರನ್ನು ಕೇಳುವುದು ಒಂದು ಸಣ್ಣ ಸಾಲಿನ ಬಗ್ಗೆ. 8,000 ಡಾಲರ್ ಸಂಬಳದಲ್ಲಿ 12 ಡಾಲರ್ ಕಡಿತ, ಎದುರಿಗೆ ‘ಸಿಂಡಾ’ ಎಂಬ ಹೆಸರು. ತೆರಿಗೆಯಲ್ಲ, ವಿಮೆಯಲ್ಲ, ಪಿಎಫ್ ಕೂಡ ಅಲ್ಲ. 1991ರಲ್ಲಿ ಶುರುವಾದ ಸಿಂಗಪುರ್ ಇಂಡಿಯನ್ ಡೆವಲಪ್‌ಮೆಂಟ್ ಅಸೋಸಿಯೇಷನ್‌ಗೆ ಹೋಗುವ ದುಡ್ಡು ಅದು. ಭಾರತೀಯ ಮೂಲದ ಮಕ್ಕಳ ಟ್ಯೂಷನ್ನಿಗೆ, ಕಷ್ಟದಲ್ಲಿರುವ ಮನೆಗಳ ನೆರವಿಗೆ. ಬೇಡವಾದರೆ ಫಾರ್ಮ್ ತುಂಬಿ ನಿಲ್ಲಿಸಬಹುದು. ಪಕ್ಕದ ಡೆಸ್ಕಿನ ಚೀನೀ ಮೂಲದ ಸಿಂಗಪುರದವನಿಗೂ ಅಷ್ಟೇ ಸಂಬಳ, ಆದರೆ ಅವನ ಚೀಟಿಯಲ್ಲಿ ‘ಸಿಡಿಎಸಿ’ (ಚೀನೀಯರ ಇಂಥದೇ ಸಂಸ್ಥೆ) ಎಂದು ಬರೆದು ಹಿಡಿದಿರುವುದು 3 ಡಾಲರ್. ಆಚೆ ಕೂತ ಮಲಯ್ ಮುಸ್ಲಿಂ ಸಹೋದ್ಯೋಗಿಗೆ ಮಸೀದಿ ಕಟ್ಟಡ ಮತ್ತು ಮೆಂಡಾಕಿ (ಅವರ ಸಮುದಾಯದ ಇಂಥದೇ ಸಂಸ್ಥೆ) ನಿಧಿಗೆಂದು 22.

ಲೆಕ್ಕ ಸರಳ. ದೇಶದ ನಿವಾಸಿಗಳಲ್ಲಿ ಚೀನೀಯರು ಶೇ. 74, ಮಲಯರು ಶೇ. 13.5, ಭಾರತೀಯರು ಶೇ. 9. ಹೆಚ್ಚು ಜನ ಇರುವ ಕಡೆ ತಲೆಗೆ ಮೂರು ಡಾಲರ್ ಎತ್ತಿದರೂ ಚೀಲ ತುಂಬುತ್ತದೆ. ಸಣ್ಣ ಸಮುದಾಯ ಅಷ್ಟೇ ಕೆಲಸಕ್ಕೆ ಹೆಚ್ಚು ಎತ್ತಬೇಕು. (ಮುಸ್ಲಿಮರ ಚಂದಾದಲ್ಲಿ ಮಸೀದಿ ಕಟ್ಟುವ ಖರ್ಚೂ ಸೇರಿದೆ, ಅದನ್ನು ಉಳಿದೆರಡರ ಜೊತೆ ಸರಿಸಮ ತೂಗಬಾರದು.) ಆದರೆ ನನ್ನನ್ನು ಕೆಣಕುವುದು ಆ ಮೊತ್ತವಲ್ಲ. ಜನಾಂಗ, ಭಾಷೆ, ಧರ್ಮ ಯಾವುದನ್ನೂ ಎಣಿಸದೆ ನಾವು ಒಂದೇ ಜನ ಎಂದು ಎದೆಯ ಮೇಲೆ ಮುಷ್ಟಿಯಿಟ್ಟು ಶಾಲೆಯ ಮಕ್ಕಳು ದಿನಾ ಪ್ರತಿಜ್ಞೆ ಮಾಡುತ್ತಾರೆ. 1966ರಲ್ಲಿ ಅದರ ಕರಡು ಬರೆದವರು ಜಾಫ್ನಾದಲ್ಲಿ ಹುಟ್ಟಿ ಮಲಯಾದಲ್ಲಿ ಬೆಳೆದ ತಮಿಳರು, ಎಸ್. ರಾಜರತ್ನಂ. ಬೆಳಿಗ್ಗೆ ಎಣಿಸುವುದಿಲ್ಲ ಎನ್ನುವ ಅದೇ ದೇಶ ತಿಂಗಳ ಕೊನೆಗೆ ತಲೆ ಎಣಿಸಿ ದುಡ್ಡು ಹಿಡಿಯುತ್ತದೆ. ಹಲವು ಜನಾಂಗಗಳ ದೇಶವೊಂದು ‘ನಾವು’ ಅನ್ನುವುದನ್ನು ಕಟ್ಟಿ ಉಳಿಸಿಕೊಳ್ಳಬಹುದೇ ಎಂದು ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಚೀಟಿ.

ನಾಲ್ಕು ಡಬ್ಬಿ

ಸಿಂಗಪುರದ ಗುರುತಿನ ಚೀಟಿಯಲ್ಲಿ ಜನಾಂಗಕ್ಕೆ ಒಂದು ಸಾಲಿದೆ. ಆಡಳಿತದ ಲೆಕ್ಕಕ್ಕೆ ಡಬ್ಬಿ ನಾಲ್ಕು: ಚೈನೀಸ್, ಮಲಯ್, ಇಂಡಿಯನ್, ಇತರರು. ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ‘ಸಿಎಂಐಒ’ ಎನ್ನುತ್ತಾರೆ. ಬ್ರಿಟಿಷರ ಕಾಲದ ಜನಗಣತಿಯ ಪಳೆಯುಳಿಕೆ. ಸ್ವತಂತ್ರ ದೇಶ ಅದನ್ನು ಬಿಸಾಡದೆ ಇನ್ನಷ್ಟು ಬಿಗಿ ಮಾಡಿಕೊಂಡಿತು. ಯಾಕೆ ಎಂಬುದಕ್ಕೆ 1964ರ ಜುಲೈ 21ಕ್ಕೆ ಹೋಗಬೇಕು. ಅಂದು ಪ್ರವಾದಿ ಮಹಮ್ಮದರ ಹುಟ್ಟುಹಬ್ಬ. ಊರ ನಡುವಿನ ಪಡಾಂಗ್ ಮೈದಾನದಿಂದ ಗೇಲಾಂಗ್ ಕಡೆಗೆ ಹೊರಟ ಮೆರವಣಿಗೆ ಸಂಜೆ ಹೊತ್ತಿಗೆ ಕಲ್ಲಾಂಗ್ ಹತ್ತಿರ ಗಲಭೆಯಾಯಿತು. ಮಲಯರು ಮತ್ತು ಚೀನೀಯರ ನಡುವಿನ ಆ ಹೊಡೆದಾಟದಲ್ಲಿ 23 ಜನ ಸತ್ತರು, 454 ಮಂದಿಗೆ ಗಾಯ. ಸೆಪ್ಟೆಂಬರಿನಲ್ಲಿ ಮತ್ತೆ ಹೊತ್ತಿಕೊಂಡು ಇನ್ನೂ 13 ಜನ ಹೋದರು. ಆಗ ಸಿಂಗಪುರ ಮಲೇಷ್ಯಾದ ಒಂದು ರಾಜ್ಯ. ಮರುವರ್ಷ ಆಗಸ್ಟ್ 9ಕ್ಕೆ ಒಕ್ಕೂಟದಿಂದ ಹೊರಬಿತ್ತು. ಬೇರೆ ದೇಶಗಳಲ್ಲಿ ಸ್ವಾತಂತ್ರ್ಯದ ದಿನ ನಾಯಕರು ನಗುತ್ತಾರೆ, ಇಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಟಿವಿ ಕ್ಯಾಮೆರಾದ ಎದುರೇ ಕಣ್ಣೊರೆಸಿಕೊಂಡರು.

ಆ ದೇಶದ ಮುಂದಿನ ನಡೆಗಳೆಲ್ಲ ಒಂದು ಊಹೆಯ ಮೇಲೆ ನಿಂತಿವೆ. ಜನಾಂಗದ ಭಾವನೆ ತಾನಾಗಿ ಕರಗುವುದಿಲ್ಲ, ಕಣ್ಣು ಮುಚ್ಚಿಕೊಂಡರೆ ಬೆನ್ನ ಹಿಂದೆ ಬೆಳೆಯುತ್ತದೆ. ಆದ್ದರಿಂದ ಎಣಿಸು, ಅಳೆ, ಹಂಚು. ಅಮೆರಿಕದವರು ಹೇಳುವ ಎಲ್ಲವೂ ಕರಗಿ ಒಂದಾಗುವ ಪಾತ್ರೆ ಇದಲ್ಲ. ನಾಲ್ಕು ಡಬ್ಬಿಗಳನ್ನು ಒಂದೇ ಕಪಾಟಿನಲ್ಲಿ, ಒಂದಕ್ಕೊಂದು ತಾಗುವಂತೆ ಆದರೆ ಚೆಲ್ಲದಂತೆ ಜೋಡಿಸಿಡುವ ಕೆಲಸ. 1988ರಿಂದ ಚುನಾವಣೆಯಲ್ಲೂ ಇದೇ ನಿಯಮ: ಹಲವು ಕ್ಷೇತ್ರಗಳಲ್ಲಿ ಒಬ್ಬೊಬ್ಬರೇ ಸ್ಪರ್ಧಿಸುವಂತಿಲ್ಲ, ತಂಡವಾಗಿ ನಿಲ್ಲಬೇಕು, ತಂಡದಲ್ಲಿ ಒಬ್ಬರಾದರೂ ಅಲ್ಪಸಂಖ್ಯಾತ ಇರಬೇಕು. ಸಂಸತ್ತಿನಲ್ಲಿ ಅಲ್ಪಸಂಖ್ಯಾತರು ಇಲ್ಲದೇ ಹೋಗದಂತೆ ಅದು ನೋಡಿಕೊಂಡಿತು, ನಿಜ. ದೊಡ್ಡ ಮಂತ್ರಿಯ ಬಾಲ ಹಿಡಿದು ಆಳುವ ಪಕ್ಷದ ಹೊಸಬರು ಸಲೀಸಾಗಿ ಗೆದ್ದು ಬರಲು ಅನುಕೂಲವಾದದ್ದೂ ಅಷ್ಟೇ ನಿಜ.

87 + 25 + 15

ಸಿಂಗಪುರದವರಲ್ಲಿ ಸುಮಾರು ಶೇ. 80ರಷ್ಟು ಜನ ಇರುವುದು ಎಚ್‌ಡಿಬಿ, ಅಂದರೆ ಸರ್ಕಾರಿ ವಸತಿ ಮಂಡಳಿ ಕಟ್ಟಿದ ಫ್ಲಾಟುಗಳಲ್ಲಿ. ಹಳೆ ಹಳ್ಳಿಗಳನ್ನೆಲ್ಲ ಕಿತ್ತು ಎತ್ತರದ ಬ್ಲಾಕುಗಳಿಗೆ ಜನರನ್ನು ಸಾಗಿಸಿದಾಗ ಬೆರಕೆ ತಾನಾಗಿ ಆಯಿತು. ಆದರೆ ಫ್ಲಾಟುಗಳನ್ನು ಮರುಮಾರಾಟ ಮಾಡಲು ಬಿಟ್ಟ ಮೇಲೆ ಜನ ಮತ್ತೆ ತಮ್ಮವರ ಹತ್ತಿರ ಸರಿಯತೊಡಗಿದರು: ಬೆಡೊಕ್, ಟ್ಯಾಂಪನೀಸ್ ಕಡೆ ಮಲಯರು, ಹೌಗಾಂಗ್ ಕಡೆ ಚೀನೀಯರು. ಯಾರೂ ಜಗಳವಾಡಲಿಲ್ಲ, ಯಾರನ್ನೂ ಓಡಿಸಲಿಲ್ಲ. ಅಮ್ಮನ ಮನೆ ಹತ್ತಿರ ಇರಲಿ, ಮಸೀದಿ ನಡೆದು ಹೋಗುವಷ್ಟು ದೂರದಲ್ಲಿರಲಿ ಎನ್ನುವುದು ತಪ್ಪೂ ಅಲ್ಲ. ಅಂಥ ಸಣ್ಣ ಸಣ್ಣ ಆಸೆಗಳು ಕೂಡಿ ಒಂದು ಕೇರಿಯಾಗುತ್ತದೆ. 1989ರ ಮಾರ್ಚ್‌ನಲ್ಲಿ ಸರ್ಕಾರ ಮಿತಿ ಹಾಕಿತು.

ಅದು ಕೆಲಸ ಮಾಡುವ ಬಗೆ ಹೀಗೆ. ಒಂದು ಬ್ಲಾಕಿನಲ್ಲಿ ಚೀನೀ ಮನೆಗಳು ಶೇ. 87 ಮೀರುವಂತಿಲ್ಲ, ಮಲಯ್ ಮನೆಗಳು ಶೇ. 25, ಭಾರತೀಯರು ಮತ್ತು ಇತರರು ಕೂಡಿ ಶೇ. 15. ಇಡೀ ಬಡಾವಣೆಗೆ ಇನ್ನೂ ಸ್ವಲ್ಪ ಬಿಗಿ: 84, 22, 12. (ಭಾರತೀಯರ ಮಿತಿ 2010ರವರೆಗೆ ಬ್ಲಾಕಿಗೆ 13, ಬಡಾವಣೆಗೆ 10 ಇತ್ತು.) ಮನೆ ಕೊಳ್ಳುವವರು ಎರಡೂ ಮಿತಿಯೊಳಗೆ ಬೀಳಬೇಕು, ತಿಂಗಳ ಮೊದಲನೇ ತಾರೀಖು ಲೆಕ್ಕ ಹೊಸದಾಗುತ್ತದೆ. 87, 25, 15 ಕೂಡಿದರೆ 127 ಆಗುತ್ತದಲ್ಲ, ತಪ್ಪು ಎಲ್ಲಿದೆ ಎಂದು ಹುಡುಕಬೇಡಿ. ಆ ಹೆಚ್ಚುವರಿ 27 ಇರುವುದರಿಂದಲೇ ಯಂತ್ರ ಓಡುತ್ತಿದೆ. ಸರಿಯಾಗಿ ನೂರಕ್ಕೆ ಹಂಚಿಟ್ಟಿದ್ದರೆ ಒಂದು ಚೀನೀ ಮನೆ ಖಾಲಿಯಾದಾಗ ಇನ್ನೊಂದು ಚೀನೀ ಕುಟುಂಬವೇ ಬರಬೇಕಾಗುತ್ತಿತ್ತು, ಮಾರುಕಟ್ಟೆ ಹೆಪ್ಪುಗಟ್ಟುತ್ತಿತ್ತು. ಬಾಗಿಲಿಗೆ ಚೌಕಟ್ಟಿಗಿಂತ ಕೂದಲೆಳೆ ಸಡಿಲ ಬಿಡುವ ಬಡಗಿಯ ಹಾಗೆ.

ಕೆಡುವುದು ಎಲ್ಲಿ? ಒಂದೇ ಡಬ್ಬಿಯವರು ತಮ್ಮೊಳಗೆ ಮಾರಿ ಕೊಳ್ಳಲು ಅಡ್ಡಿಯಿಲ್ಲ, ಅನುಪಾತ ಬದಲಾಗುವುದಿಲ್ಲ. ಒಂದು ಬ್ಲಾಕಿನಲ್ಲಿ ಚೀನೀ ಮಿತಿ ತುಂಬಿದೆ ಎಂದಿಟ್ಟುಕೊಳ್ಳಿ. ಅಲ್ಲಿನ ಚೀನೀಯ ತನ್ನ ಫ್ಲಾಟನ್ನು ಯಾರಿಗೆ ಬೇಕಾದರೂ ಮಾರಬಹುದು. ಅದೇ ಮಹಡಿಯ ಭಾರತೀಯ ಚೀನೀಯರಿಗೆ ಮಾರುವಂತಿಲ್ಲ, ಮಾರಿದರೆ ಚೀನೀ ಮನೆ ಒಂದು ಹೆಚ್ಚಾಗುತ್ತದೆ. ಅಂದರೆ ಕೊಳ್ಳುವವರಲ್ಲಿ ಮುಕ್ಕಾಲು ಪಾಲು ಅವನಿಗೆ ಇಲ್ಲವಾದರು. ಉಳಿದ ಕೆಲವರಿಗಾಗಿ ತಿಂಗಳುಗಟ್ಟಲೆ ಕಾಯಬೇಕು, ಬೆಲೆ ಇಳಿಸಬೇಕು. ತಿರುವುಮುರುವು ಮಾಡಿ ನೋಡಿ: ಮಲಯ್ ಮಿತಿ ತುಂಬಿದ ಬ್ಲಾಕಿನಲ್ಲಿ ಚೀನೀಯನಿಗೆ ತಪ್ಪುವ ಗಿರಾಕಿಗಳು ಎಂಟರಲ್ಲಿ ಒಬ್ಬರೋ ಏನೋ. ನಿಯಮ ಎಲ್ಲರಿಗೂ ಒಂದೇ, ಪೆಟ್ಟು ಮಾತ್ರ ಒಂದೇ ಅಲ್ಲ. ಸೌಹಾರ್ದ ಎಲ್ಲರದ್ದು, ಅದರ ಬಿಲ್ಲು ಕಡಿಮೆ ಜನ ಇರುವವರ ಹೆಸರಿಗೆ. ಸರ್ಕಾರಕ್ಕೂ ಇದು ಗೊತ್ತಿತ್ತು. ಹೀಗೆ ಸಿಕ್ಕಿಕೊಂಡ ಕೆಲವರ ಫ್ಲಾಟನ್ನು ಕೊನೆಯ ದಾರಿಯಾಗಿ ಎಚ್‌ಡಿಬಿಯೇ ವಾಪಸು ಕೊಳ್ಳುವ ಏರ್ಪಾಡು ಬಂದದ್ದು 2022ರಲ್ಲಿ, ನಿಯಮ ಬಂದ 33 ವರ್ಷಗಳ ಮೇಲೆ.

ಹಾಗಂತ ಇದನ್ನು ಕಿತ್ತು ಹಾಕಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಬ್ಲಾಕುಗಳ ನೆಲಮಹಡಿಯಲ್ಲಿ ಮನೆಗಳಿರುವುದಿಲ್ಲ. ಕಂಬಗಳ ನಡುವೆ ಖಾಲಿ ಜಾಗ ಬಿಟ್ಟಿರುತ್ತಾರೆ, ‘ವಾಯ್ಡ್ ಡೆಕ್’ ಎನ್ನುತ್ತಾರೆ. ಕಾಂಕ್ರೀಟಿನ ಮೇಜು, ಅದರ ಮೇಲೆ ಚದುರಂಗದ ಮನೆಗಳು, ಗೋಡೆಗೆ ಒರಗಿಸಿದ ಸೈಕಲ್ಲುಗಳು. ಒಂದು ಶನಿವಾರ ಅಲ್ಲಿ ಮಲಯ್ ಮದುವೆ: ವಧೂವರರ ಮಂಟಪ, ಕೊಂಪಾಂಗ್ ತಮಟೆಗಳು, ಸಾವಿರ ಜನಕ್ಕೆ ಬಿರಿಯಾನಿ. ಮುಂದಿನ ವಾರ ಅದೇ ಕಂಬಗಳ ನಡುವೆ ಚೀನೀ ಸಾವು: ಮೂರೋ ಐದೋ ಏಳೋ ದಿನ, ಬೆಸ ಸಂಖ್ಯೆಯೇ ಆಗಬೇಕು, ಶವಪೆಟ್ಟಿಗೆಯ ಎದುರು ಊದುಬತ್ತಿ, ಸತ್ತವರಿಗೆ ಸುಟ್ಟು ಕಳಿಸಲು ಕಾಗದದ ಮನೆ, ರಾತ್ರಿಯಿಡೀ ಕಡಲೆಕಾಯಿ ಸುಲಿಯುತ್ತ ಕೂರುವ ನೆಂಟರು. ಸ್ಥಳೀಯ ಟೌನ್ ಕೌನ್ಸಿಲ್‌ನಿಂದ ಮುಂಚೆಯೇ ಅನುಮತಿ ಪಡೆಯಬೇಕು, ಮುಗಿದ ಮೇಲೆ ಜಾಗ ತೊಳೆದು ಕೊಡಬೇಕು. ಮೇಲಿನ ಮನೆಯವರು ಲಿಫ್ಟಿಗೆ ಹೋಗಲು ಮದುವೆಯನ್ನೂ ಸಾವನ್ನೂ ದಾಟಿಕೊಂಡೇ ಹೋಗಬೇಕು. ಇದರಿಂದ ಪ್ರೀತಿ ಹುಟ್ಟುತ್ತದೆ ಎಂದು ನಾನು ಹೇಳುತ್ತಿಲ್ಲ. 2012ರಲ್ಲಿ ಇಂಥ ಮಲಯ್ ಮದುವೆಗಳ ಗದ್ದಲದ ಬಗ್ಗೆ ಫೇಸ್‌ಬುಕ್ಕಿನಲ್ಲಿ ಹೀನಾಯವಾಗಿ ಬರೆದ ಒಬ್ಬರು ಮರುದಿನವೇ ಕೆಲಸ ಕಳೆದುಕೊಂಡರು. ಅಸಹನೆ ಇದ್ದೇ ಇತ್ತು, ಹೊರಗೆ ಬಂದದ್ದು ಅಂದು. ಹುಟ್ಟುವುದು ಪ್ರೀತಿಯಲ್ಲ, ಪರಿಚಯ. ಬೇರೆಯವರ ಸಾವು ಹೇಗಿರುತ್ತದೆ ಎಂದು ಏಳು ವರ್ಷದ ಮಗುವಿಗೆ ಗೊತ್ತಾಗಿರುತ್ತದೆ. ಅದು ಸಣ್ಣ ಮಾತಲ್ಲ.

ಅಮ್ಮನದಲ್ಲದ ಮಾತೃಭಾಷೆ

ಶಾಲೆಯಲ್ಲಿ ಇಂಗ್ಲಿಷ್ ಎಲ್ಲರಿಗೂ, ಜೊತೆಗೆ ಪ್ರತಿಯೊಂದು ಮಗುವಿಗೂ ಅದರ ‘ಮಾತೃಭಾಷೆ’. ಇದನ್ನು ಗೊತ್ತುಮಾಡುವುದು ಡಬ್ಬಿ: ಚೀನೀ ಮಗುವಿಗೆ ಮ್ಯಾಂಡರಿನ್, ಮಲಯ್ ಮಗುವಿಗೆ ಮಲಯ್, ಭಾರತೀಯ ಮಗುವಿಗೆ ತಮಿಳು. ಆದರೆ ಅಲ್ಲಿಗೆ ಬಂದ ಚೀನೀಯರ ಮನೆಮಾತು ಮ್ಯಾಂಡರಿನ್ ಆಗಿರಲಿಲ್ಲ. ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್, ಒಂದು ಇನ್ನೊಂದಕ್ಕೆ ಅರ್ಥವಾಗದ ಮಾತುಗಳು. 1979ರಲ್ಲಿ ‘ಮ್ಯಾಂಡರಿನ್ ಮಾತಾಡಿ’ ಅಭಿಯಾನ ಶುರುವಾಯಿತು. ಟಿವಿ, ರೇಡಿಯೋಗಳಿಂದ ಉಳಿದ ಮಾತುಗಳನ್ನು ತೆಗೆದರು. ಒಂದೇ ತಲೆಮಾರು ಸಾಕಾಯಿತು: ಅಜ್ಜಿ ಹೊಕ್ಕಿಯೆನ್‌ನಲ್ಲಿ ಕೇಳುತ್ತಾಳೆ, ಮೊಮ್ಮಗ ಇಂಗ್ಲಿಷಿನಲ್ಲಿ ಯೋಚಿಸಿ ಮ್ಯಾಂಡರಿನ್‌ನಲ್ಲಿ ತಡವರಿಸುತ್ತಾನೆ. 2020ರ ಜನಗಣತಿಯ ಹೊತ್ತಿಗೆ ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷೇ ಆಡುವವರು ಶೇ. 48.3, ಹತ್ತು ವರ್ಷದ ಹಿಂದೆ ಶೇ. 32.3 ಇದ್ದರು. ಚೀನೀ ಉಪಭಾಷೆಗಳು ಶೇ. 8.7ಕ್ಕೆ ಇಳಿದಿದ್ದವು.

ಕನ್ನಡದ ಮಕ್ಕಳು ಈ ಕತೆಯೊಳಗೆ ಬರುವುದು ಹಿಂಬಾಗಿಲಿನಿಂದ. ತಮಿಳರಲ್ಲದ ಭಾರತೀಯರಿಗೆ ಐದು ಭಾಷೆಗಳ ಆಯ್ಕೆ ಇದೆ: ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡ ಇಲ್ಲ, ತೆಲುಗಿಲ್ಲ, ಮಲಯಾಳಂ ಇಲ್ಲ. ಹಾಗಾಗಿ ಹಾಸನದ ಅಪ್ಪ, ಧಾರವಾಡದ ಅಮ್ಮನ ಮಗು ಅಂಕಪಟ್ಟಿಯಲ್ಲಿ ‘ಮಾತೃಭಾಷೆ: ಹಿಂದಿ’ ಎಂದು ಬರೆಸಿಕೊಳ್ಳುತ್ತದೆ. ಹಿಂದಿ ಹೇರಿಕೆ ಎಂದು ಊರಲ್ಲಿ ರೇಗುವ ನಮ್ಮವರೇ ಅಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳನ್ನು ಹಿಂದಿ ತರಗತಿಗೆ ಬಿಟ್ಟು ಬರುತ್ತಾರೆ. ತಮಿಳು ಆರಿಸಿದವರೂ ಇದ್ದಾರೆ. ಲಿಪಿ ಬೇರೆಯಾದರೂ ಕಿವಿಗೆ ಅದು ಹತ್ತಿರ. ಆದರೆ ತಲೆಮಾರುಗಳಿಂದ ಮನೆಯಲ್ಲಿ ತಮಿಳಾಡುವ ಮಕ್ಕಳ ಜೊತೆ ಅದೇ ಪರೀಕ್ಷೆ ಬರೆಯಬೇಕಲ್ಲ ಎಂಬ ಅಂಜಿಕೆ ಹೆಚ್ಚಿನವರನ್ನು ಹಿಂದಿ ಕಡೆಗೇ ತಳ್ಳುತ್ತದೆ. ಹೊಕ್ಕಿಯೆನ್ ಅಜ್ಜಿಗೆ ಆದದ್ದೇ ಕನ್ನಡದ ಅಜ್ಜಿಗೂ ಆಗುತ್ತದೆ, ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ.

ಇಷ್ಟೆಲ್ಲ ಯೋಜನೆ ಹಾಕಿ ಕಲಿಸಿದ ಭಾಷೆಗಳನ್ನು ಬದಿಗಿಟ್ಟು ಜನ ತಮ್ಮದೇ ಒಂದನ್ನು ಮಾಡಿಕೊಂಡರು ಎಂಬುದು ಇದರ ತಮಾಷೆ. ಸಿಂಗ್ಲಿಷ್: ಬೆನ್ನೆಲುಬು ಇಂಗ್ಲಿಷಿನದು, ವಾಕ್ಯದ ನಡಿಗೆ ಹೊಕ್ಕಿಯೆನ್‌ದು, ಊಟಕ್ಕೆ ಮಲಯಿನ ‘ಮಕಾನ್’, ಕೊನೆಗೊಂದು ‘ಲಾ’. ಸಾಲಲ್ಲಿ ತನಗೆಲ್ಲಿ ತಪ್ಪಿಹೋಗುತ್ತದೋ ಎಂದು ಹಪಹಪಿಸುವವನಿಗೆ ‘ಕಿಯಾಸು’. ಸರ್ಕಾರಕ್ಕೆ ಇದು ಹಿಡಿಸಲಿಲ್ಲ. 2000ದಲ್ಲಿ ‘ಒಳ್ಳೆಯ ಇಂಗ್ಲಿಷ್ ಮಾತಾಡಿ’ ಎಂದು ಇನ್ನೊಂದು ಅಭಿಯಾನ ತೆಗೆಯಿತು. ವಿದೇಶದ ವಿಮಾನ ನಿಲ್ದಾಣದಲ್ಲಿ ಒಬ್ಬ ಸಿಂಗಪುರದವನು ಇನ್ನೊಬ್ಬನನ್ನು, ಮುಖ ನೋಡದೆ, ಬೆನ್ನ ಹಿಂದಿನ ಎರಡು ಮಾತಿನಿಂದಲೇ ಗುರುತಿಸುವುದು ಸಿಂಗ್ಲಿಷಿನಿಂದಲೇ. ಮ್ಯಾಂಡರಿನ್ನಿನಿಂದ ಆ ಕೆಲಸ ಆಗುವುದಿಲ್ಲ.

ಕರಿ ಬೇಯಿಸಿದ ಭಾನುವಾರ

ಹಾಗಾದರೆ ಡಬ್ಬಿಗಳ ಆಚೆ ಒಂದು ‘ನಾವು’ ಹುಟ್ಟಿದೆಯೇ? ಹುಟ್ಟಿದೆ ಎಂದು ನಾನು ನಂಬುವುದಕ್ಕೆ ಆಧಾರ ರಾಷ್ಟ್ರೀಯ ದಿನದ ಪಥಸಂಚಲನವಲ್ಲ, ಒಂದು ಅಡುಗೆಮನೆ ಜಗಳ. ಚೀನಾದಿಂದ ಹೊಸದಾಗಿ ಬಂದ ಒಂದು ಕುಟುಂಬಕ್ಕೆ ಪಕ್ಕದ ಭಾರತೀಯ ಮೂಲದವರ ಮನೆಯ ಕರಿ ವಾಸನೆ ತಡೆಯಲಾಗಲಿಲ್ಲ. ಇವರು ಬಾಗಿಲು ಕಿಟಕಿ ಮುಚ್ಚಿಯೇ ಅಡುಗೆ ಮಾಡಿ ನೋಡಿದರೂ ದೂರು ನಿಲ್ಲಲಿಲ್ಲ. ವಿಷಯ ಸಮುದಾಯ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಿ ರಾಜಿಯಾಯಿತು: ಆ ಕುಟುಂಬ ಮನೆಯಲ್ಲಿಲ್ಲದಾಗ ಮಾತ್ರ ಇವರು ಕರಿ ಮಾಡುವುದು, ಬದಲಿಗೆ ಅವರು ಒಮ್ಮೆ ಇವರ ಕರಿ ರುಚಿ ನೋಡುವುದು. ಮಧ್ಯಸ್ಥಗಾರರ ಪಾಠದ ಪ್ರಕಾರ ಚೊಕ್ಕ ರಾಜಿ. 2011ರ ಆಗಸ್ಟಿನಲ್ಲಿ ಇದು ಪತ್ರಿಕೆಯಲ್ಲಿ ಬಂದಾಗ ಊರಿಗೆ ಊರೇ ಕೆರಳಿತು.

ಕೆರಳಿದವರಲ್ಲಿ ದೊಡ್ಡ ಪಾಲು ಚೀನೀ ಮೂಲದ ಸಿಂಗಪುರದವರು. ಆಗಸ್ಟ್ 21ರ ಭಾನುವಾರ ಎಲ್ಲರೂ ಅವರವರ ಮನೆಯಲ್ಲಿ ಒಂದು ಪಾತ್ರೆ ಕರಿ ಮಾಡೋಣ ಎಂಬ ಕರೆ ಫೇಸ್‌ಬುಕ್ಕಿನಲ್ಲಿ ಹೊರಟಿತು. ಹತ್ತಾರು ಸಾವಿರ ಜನ ಬರುತ್ತೇವೆ ಎಂದು ಗುಂಡಿ ಒತ್ತಿದರು. ಬರುವುದಕ್ಕೆ ಜಾಗವೇ ಇರಲಿಲ್ಲ, ತಂತಮ್ಮ ಒಲೆಯ ಮುಂದೆ ನಿಲ್ಲುವುದಷ್ಟೇ. ಹಲವರು ಮಾಡಿದ್ದು ನಮ್ಮ ಸಾರಿನ ಜಾತಿಯ ಕರಿಯನ್ನಲ್ಲ; ತೆಂಗಿನಹಾಲು, ಲೆಮನ್‌ಗ್ರಾಸ್ ಹಾಕಿದ, ಆಲೂಗಡ್ಡೆ ಮುಳುಗಿದ ಕೋಳಿ ಕರಿ. ತಮಿಳರದು, ಮಲಯರದು, ಚೀನೀ-ಮಲಯ್ ಬೆರಕೆಯ ನ್ಯೋನ್ಯಾ ಮನೆಗಳದು ಎಲ್ಲ ಬೆರೆತ, ಬ್ರೆಡ್ ಜೊತೆ ತಿನ್ನುವ ಪದಾರ್ಥ. ಚೀನೀ ಅಮ್ಮಂದಿರೂ ಅದನ್ನು ತಮ್ಮದು ಎಂದೇ ಮಾಡುತ್ತಾರೆ. ಆ ಒಗ್ಗರಣೆ ಯಾವಾಗ ಒಗ್ಗಿತು ಎಂದು ಯಾರೂ ಬರೆದಿಟ್ಟಿಲ್ಲ, ಅದಕ್ಕೆ ಕೋಟಾ ಇರಲಿಲ್ಲ. ಜನಾಂಗದ ಲೆಕ್ಕದಲ್ಲಿ ಚೀನೀಯ ಚೀನೀಯನ ಪಕ್ಷ ವಹಿಸಬೇಕಿತ್ತು. ವಹಿಸಲಿಲ್ಲ. ಚೀನಾದ ಚೀನೀಯ ಹೊರಗಿನವನಾದ, ಪಕ್ಕದ ಮನೆಯ ಭಾರತೀಯ ನಮ್ಮವನಾದ. 1964ರಲ್ಲಿ ಊಹಿಸಲೂ ಆಗದ ಮಾತು.

(ಮುಂದೆ 2017ರಲ್ಲಿ, ಅಲ್ಪಸಂಖ್ಯಾತರನ್ನು ಜನ ತಾವಾಗಿ ಆರಿಸಲಿಕ್ಕಿಲ್ಲ ಎಂದು ಸರ್ಕಾರ ಅಧ್ಯಕ್ಷ ಸ್ಥಾನವನ್ನು ಮಲಯರಿಗೆ ಮೀಸಲಿಟ್ಟಿತು. ಹಲೀಮಾ ಯಾಕೋಬ್ ಅವಿರೋಧವಾಗಿ ಆಯ್ಕೆಯಾದರು; ಅವರ ತಂದೆ ಭಾರತೀಯ ಮೂಲದವರು, ನಿಯಮದಂತೆ ಅವರು ಮಲಯ್ ಹೌದೆಂದು ಸಮಿತಿಯೊಂದು ಪ್ರಮಾಣೀಕರಿಸಿತು. 2023ರ ಮುಕ್ತ ಚುನಾವಣೆಯಲ್ಲಿ ಇಬ್ಬರು ಚೀನೀ ಮೂಲದವರ ಎದುರು ತಮಿಳು ಮೂಲದ ತರ್ಮನ್ ಷಣ್ಮುಗರತ್ನಂ ಶೇ. 70.4 ಮತ ತೆಗೆದುಕೊಂಡರು. ಅವರ ತೂಕದ ಅಭ್ಯರ್ಥಿ ದಿನಾ ಸಿಗುವುದಿಲ್ಲ, ಒಪ್ಪಿದೆ. ಆದರೂ ಮತದಾರ ಸರ್ಕಾರಕ್ಕಿಂತ ಒಂದು ಹೆಜ್ಜೆ ಮುಂದಿದ್ದಂತೆ ಕಾಣುತ್ತದೆ.)

ಕರಿಯ ಕತೆಯನ್ನು ಸಿಹಿ ಮಾಡಿ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ಪಾತ್ರೆಗೆ ಉರಿ ಕೊಟ್ಟದ್ದು ಪ್ರೀತಿಯೊಂದೇ ಅಲ್ಲ. ಆ ವರ್ಷಗಳಲ್ಲಿ ವಲಸಿಗರು ಹೆಚ್ಚಿದರು, ರೈಲಿನಲ್ಲಿ ನಿಲ್ಲಲು ಜಾಗವಿಲ್ಲ, ಮನೆ ಬೆಲೆ ಏರಿತು ಎಂಬ ಸಿಟ್ಟು ಎಲ್ಲೆಡೆ ಇತ್ತು. ‘ನಾವು’ ಗಟ್ಟಿಯಾದದ್ದು ಹೊಸ ‘ಅವರು’ ಸಿಕ್ಕಿದ ಮೇಲೆ. ಬಾಡಿಗೆ ಮನೆಗಳ ಜಾಹೀರಾತಿನಲ್ಲಿ ‘ಭಾರತೀಯರಿಗಿಲ್ಲ, ಚೀನಾದವರಿಗಿಲ್ಲ’ ಎಂದು ಒಂದೇ ಉಸಿರಿನಲ್ಲಿ ಬರೆಯುತ್ತಿದ್ದರು. ಎಷ್ಟೋ ಸಲ ಹಾಗೆ ಬರೆಸುವ ಮಾಲೀಕ ಚೀನೀ ಮೂಲದವನೇ. ಬೆಂಗಳೂರಿನ ‘ಸಸ್ಯಾಹಾರಿಗಳಿಗೆ ಮಾತ್ರ’ ಬೋರ್ಡುಗಳ ನೆರಳಲ್ಲಿ ಹಾಯಾಗಿ ಬೆಳೆದ ನಮ್ಮವರು ಅಲ್ಲಿ ಫೋನ್ ಮಾಡಿ ‘ನೀವು ಅಡುಗೆ ಮಾಡ್ತೀರಾ’ ಎಂಬ ಪ್ರಶ್ನೆ ಮೊದಲ ಸಲ ಕೇಳಿಸಿಕೊಂಡಾಗ ಬೆಚ್ಚಿಬೀಳುತ್ತಾರೆ. ನಾಲ್ಕೈದು ತಲೆಮಾರಿನಿಂದ ಅಲ್ಲೇ ಇರುವ ತಮಿಳರೂ ನಮ್ಮನ್ನು ತಮ್ಮವರು ಎನ್ನಲು ಸಣ್ಣಗೆ ಹಿಂಜರಿಯುತ್ತಾರೆ, ಅದಕ್ಕೆ ಕಾರಣವಿದೆ: ಊರಿನ ಜಾತಿ, ಐಐಟಿ, ಕಂಪನಿ ಹಮ್ಮುಗಳನ್ನು ಹೊತ್ತುಕೊಂಡೇ ಬರುವ ನಾವು, ಬಂದರಿನಲ್ಲಿ ದುಡಿದವರ ಮೊಮ್ಮಕ್ಕಳನ್ನು ಮೇಲಿನಿಂದ ನೋಡುವುದುಂಟು. ಸಂಬಳದ ಚೀಟಿಯ ಡಬ್ಬಿ ಮಾತ್ರ ಇಬ್ಬರಿಗೂ ಒಂದೇ. ಇನ್ನು ಡಾರ್ಮಿಟರಿಗಳಲ್ಲಿ ಮಲಗುವ ತಮಿಳುನಾಡಿನ, ಬಾಂಗ್ಲಾದೇಶದ ಕಟ್ಟಡ ಕಾರ್ಮಿಕರು ಯಾವ ಡಬ್ಬಿಗೂ ಇಲ್ಲ, ಯಾವ ಬ್ಲಾಕಿನ ಶೇಕಡಾಕ್ಕೂ ಇಲ್ಲ. ಆ ಬ್ಲಾಕುಗಳನ್ನು ಕಟ್ಟುವವರು ಅವರು.

ಕೋಟಾದ ನಿಯಮದಲ್ಲೂ ಈ ಗೆರೆ 2010ರಲ್ಲಿ ಮೂಡಿತು. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ ಪಡೆದ ಹೊರದೇಶದವರ ಮನೆಗಳಿಗೆ ಬೇರೆ ಮಿತಿ: ಬಡಾವಣೆಗೆ ಶೇ. 5, ಬ್ಲಾಕಿಗೆ ಶೇ. 8. ಮಲೇಷ್ಯಾದ ಪಿಆರ್‌ಗಳಿಗೆ ಇದು ಅನ್ವಯಿಸುವುದಿಲ್ಲ, ಅವರ ಸಂಸ್ಕೃತಿ ಹತ್ತಿರದ್ದು ಎಂಬುದು ಕಾರಣ. 1965ರಲ್ಲಿ ಜನಾಂಗದ ಜಗಳದಿಂದಲೇ ಬೇರೆಯಾದ ದೇಶದವರು ಈಗ ಹತ್ತಿರದವರು. ಕನ್ನಡಿಗ ಪಿಆರ್ ದಂಪತಿ ಫ್ಲಾಟ್ ಹುಡುಕುವಾಗ ಎರಡು ಜರಡಿ ದಾಟಬೇಕು, ಭಾರತೀಯರದು ಒಂದು, ಪಿಆರ್‌ದು ಇನ್ನೊಂದು. ಏಜೆಂಟರಿಗೆ ಇದು ಬಾಯಿಪಾಠ; ಮನೆ ತೋರಿಸುವ ಮೊದಲೇ ಕೋಟಾ ನೋಡಿರುತ್ತಾರೆ.

ಸೆದಿಯಾ

ಆ ಎರಡನೇ ಜರಡಿಯಿಂದ ಒಳಗೆ ಬರುವ ದಾರಿ, ಗಂಡುಮಕ್ಕಳಿರುವ ಮನೆಗಳಿಗೆ, ಸೈನ್ಯದ ತರಬೇತಿ ನಡೆಯುವ ತೆಕೊಂಗ್ ದ್ವೀಪದ ಮೇಲೆ ಹಾದು ಹೋಗುತ್ತದೆ. ಪೌರರ ಗಂಡುಮಕ್ಕಳಂತೆ ಪಿಆರ್ ಪೋಷಕರ ಜೊತೆ ತಾನೂ ಪಿಆರ್ ಆದ ಮಗನಿಗೂ ಹದಿನೆಂಟಕ್ಕೆ ಎರಡು ವರ್ಷ ಕಡ್ಡಾಯ ಸೈನಿಕ ಸೇವೆ. ಹದಿಮೂರು ತುಂಬಿದ ಮೇಲೆ ಮೂರು ತಿಂಗಳು ಅಥವಾ ಹೆಚ್ಚು ಹೊರದೇಶದಲ್ಲಿರಬೇಕಾದರೆ ಪರವಾನಗಿ ಬೇಕು. ಸೇವೆ ಮಾಡದೆ ಪಿಆರ್ ಬಿಟ್ಟು ಹೋದರೆ ಮುಂದೆ ಅಲ್ಲಿ ಓದಲು, ಕೆಲಸ ಮಾಡಲು ಹಾಕುವ ಅರ್ಜಿಗೆ ಅದು ಅಡ್ಡ ಬರುತ್ತದೆ. ಮಗ ಆರನೇ ತರಗತಿಯಲ್ಲಿರುವಾಗಲೇ ಕನ್ನಡದ ಮನೆಗಳಲ್ಲಿ ಇದರ ಚರ್ಚೆ ಶುರು: ಇರೋದಾ, ಆಸ್ಟ್ರೇಲಿಯಾಕ್ಕೆ ಹೋಗೋದಾ, ಊರಿಗೆ ವಾಪಸಾ.

ಇದ್ದವರು ಸೇರುವ ದಿನ ತಾಯಿತಂದೆಯೂ ದೋಣಿಯಲ್ಲಿ ದ್ವೀಪಕ್ಕೆ ಹೋಗುತ್ತಾರೆ. ಮಕ್ಕಳ ಹಾಸಿಗೆ, ಕಪಾಟು ನೋಡಿ, ಸೈನ್ಯದ ಊಟದ ಮನೆಯಲ್ಲಿ ತಟ್ಟೆ ಹಿಡಿದು ಸಾಲಲ್ಲಿ ನಿಂತು ಒಟ್ಟಿಗೆ ಉಣ್ಣುತ್ತಾರೆ. ಆಮೇಲೆ ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಾರೆ. ಕವಾಯತಿನ ಅಪ್ಪಣೆಗಳು ಇಂಗ್ಲಿಷಿನಲ್ಲಿಲ್ಲ, ಮ್ಯಾಂಡರಿನ್‌ನಲ್ಲೂ ಇಲ್ಲ. ಮಲಯ್‌ನಲ್ಲಿವೆ, ಅದು ದೇಶದ ರಾಷ್ಟ್ರಭಾಷೆ; ಜುಬೀರ್ ಸಯೀದ್ ಬರೆದ ರಾಷ್ಟ್ರಗೀತೆಯೂ ಅದೇ ಭಾಷೆಯದು. ಹಾಡುವವರಲ್ಲಿ ಹೆಚ್ಚಿನವರಿಗೆ ಮಲಯ್ ಮಾತಾಡಲು ಬಾರದು. 1967ರಲ್ಲಿ ಕಡ್ಡಾಯ ಸೇವೆ ಶುರುವಾದಾಗ, ಆ ಅಪ್ಪಣೆಗಳು ಯಾರ ಭಾಷೆಯವೋ ಆ ಮಲಯ್ ಹುಡುಗರನ್ನೇ ಸುಮಾರು ಹತ್ತು ವರ್ಷ ಹೆಚ್ಚಾಗಿ ಕರೆಯಲಿಲ್ಲ. ನೆರೆಯ ಮಲಯ್ ದೇಶಗಳ ಜೊತೆ ಯುದ್ಧವಾದರೆ ಅವರ ನಿಷ್ಠೆ ಎತ್ತ ಎಂಬ ಅನುಮಾನ. ಇವತ್ತು ಎಲ್ಲರನ್ನೂ ಕರೆಯುತ್ತಾರೆ. ‘ಸೆದಿಯಾ’ ಎಂದು ಸಾರ್ಜೆಂಟ್ ಕೂಗಿದರೆ ಎಡಗಾಲು ಬಲಗಾಲಿಗೆ ಬಡಿಯುತ್ತದೆ. ‘ಸೆನಾಂಗ್ ದಿರಿ’ ಎಂದರೆ ಮೈ ಸಡಿಲ. ಅಂಕಪಟ್ಟಿಯಲ್ಲಿ ಹಿಂದಿ ಮಾತೃಭಾಷೆಯ, ಅಜ್ಜಿಗೆ ಕನ್ನಡದಲ್ಲಿ ಅರ್ಧ ವಾಕ್ಯ ಹೇಳಬಲ್ಲ ಆ ಹುಡುಗ ಮೊದಲ ವಾರ ಪಕ್ಕದವನ ಕಾಲು ನೋಡಿಕೊಂಡು ಕಾಲು ಬಡಿಯುತ್ತಾನೆ. ಪಕ್ಕದವನಿಗೂ ಆ ಪದದ ಅರ್ಥ ಗೊತ್ತಿರುವುದಿಲ್ಲ.